ಹಿತ್ತಲಿಗೆ ಫರಸಿ ಹಾಸುವ ಮೊದಲು



ಪಂಚಾಂಗದ ಪ್ರಕಾರ ಮಾಘ-ಫಾಲ್ಗುಣಗಳು ಶಿಶಿರ ಋತು, ಚೈತ್ರ-ವೈಶಾಖಗಳು ವಸಂತ. ಶಾಲೆಯಲ್ಲಿ ನಾವು ಹೀಗೆಯೇ ಕಲಿಸಿದೆವು, ನೀವೂ ಹೀಗೆಯೇ ಬಾಯಿಪಾಠ ಮಾಡಿ ಅಂಕ ಪಡೆದಿರಿ. ಆದರೆ ನಮ್ಮ ಸೀಮೆಯ ವಸಂತ ಯುಗಾದಿಯವರೆಗೆ ಕಾಯುವುದಿಲ್ಲ. ಭಾರತ ಹುಣ್ಣಿಮೆ ಮುಗಿದು ಶಿವರಾತ್ರಿ ಸಮೀಪಿಸುತ್ತಿದ್ದಂತೆಯೇ ಮಾವು ಹೂ ತಳೆದಿರುತ್ತದೆ, ಹೊಲದ ಬದುವಿನ ಮುತ್ತುಗ ಎಲೆ ಕಳಚಿ ಕೆಂಪೇರುತ್ತದೆ, ಹೊಂಗೆ ಹಳೆಯ ಎಲೆಯನ್ನು ಉದುರಿಸಿ ಎಳೆಯ ಹಸಿರನ್ನು ಹೊದೆಯುತ್ತದೆ. ಈ ಹೊತ್ತಿನಲ್ಲಿ ಮನೆಯ ಹಿಂದೆ ನಾಲ್ಕು ಹೆಜ್ಜೆ ಮಣ್ಣಿದ್ದವರಿಗೆ ಋತು ಬದಲಾದುದನ್ನು ಯಾರೂ ಹೇಳಬೇಕಾಗಿಲ್ಲ. ಅಂಥ ಮಣ್ಣು ನಮ್ಮ ಊರುಗಳಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಹೊಸ ಮನೆ ಕಟ್ಟುವವರು ಮೊದಲೇ ಅಂಗಳ, ಹಿತ್ತಲು ಎನ್ನದೆ ಗೋಡೆಯಿಂದ ಗೋಡೆಗೆ ಫರಸಿ ಹಾಸುತ್ತಾರೆ. ಹಳೆಯ ಮನೆಯವರು ಮಕ್ಕಳು ದುಡ್ಡು ಕಳಿಸಿದ ವರ್ಷ ಹಾಸುತ್ತಾರೆ. ಹಿತ್ತಲನ್ನು ಪೂರ್ತಿಯಾಗಿ ಮುಚ್ಚಬೇಡಿರೆಂದು ಕೇಳಿಕೊಳ್ಳುವುದಕ್ಕಾಗಿ ಈ ಲೇಖನ.

ನನ್ನ ತವರು ಹುಕ್ಕೇರಿ, ಮೊದಲ ನೌಕರಿ ಮೂಡಲಗಿಯಲ್ಲಿ, ಮನೆ ಮಾಡಿ ನೆಲೆಸಿದ್ದು ಗೋಕಾಕದಲ್ಲಿ. ಮೂರೂ ಊರುಗಳು ಒಂದು ದಿನದಲ್ಲಿ ಸುತ್ತಿ ಬರುವಷ್ಟು ಹತ್ತಿರ. ಆದರೂ ವಸಂತ ಮೂರರಲ್ಲಿಯೂ ಒಂದೇ ತೆರನಾಗಿ ಬರುವುದಿಲ್ಲ. ಹುಕ್ಕೇರಿ ಪಶ್ಚಿಮಕ್ಕಿದೆ, ಸಹ್ಯಾದ್ರಿಗೆ ತುಸು ಸಮೀಪ. ಅಲ್ಲಿ ಫಾಲ್ಗುಣದ ಬೆಳಗು ಕೂಡ ತಂಪಾಗಿರುತ್ತದೆ. ಹೂವಿನಕೇರಿ ಎಂಬುದೇ ಹುಕ್ಕೇರಿಯಾಯಿತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಆದಿಲಶಾಹಿ ಕಾಲದಲ್ಲಿ ಇಲ್ಲಿಯ ಗುಲಾಬಿ ವಿಜಾಪುರಕ್ಕೆ ಹೋಗುತ್ತಿತ್ತೆಂಬ ಮಾತೂ ಉಂಟು. ಅದು ಎಷ್ಟು ಇತಿಹಾಸ, ಎಷ್ಟು ಊರಿನ ಅಭಿಮಾನ ಎಂಬ ಚರ್ಚೆ ಬೇರೆ. ಹೆಸರಿನಲ್ಲಿಯೇ ಹೂವನ್ನು ಇಟ್ಟುಕೊಂಡ ಊರೆಂದು ನಂಬಿ ಬೆಳೆದ ನಮಗೆ ಮನೆಯ ಹಿಂದೆ ಒಂದು ಗುಲಾಬಿ ಕಂಟಿಯಾದರೂ ಇರಬೇಕಿತ್ತು.

ಮೂಡಲಗಿ ಆಗ ಗೋಕಾಕ ತಾಲೂಕಿಗೆ ಸೇರಿತ್ತು, ಈಗ ಪ್ರತ್ಯೇಕ ತಾಲೂಕು. ಅದು ಎರೆಮಣ್ಣು ಮತ್ತು ಕಾಲುವೆಯ ನಾಡು. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿರುವ ರಾಜಾ ಲಖಮಗೌಡ ಜಲಾಶಯಕ್ಕೆ 51 ಟಿಎಂಸಿ ನೀರು ಹಿಡಿಯುವ ಶಕ್ತಿಯಿದೆ. ಘಟಪ್ರಭಾ ಎಡದಂಡೆ ಕಾಲುವೆಯ ನೀರಿನಿಂದ ಆ ಭಾಗದ ಕಬ್ಬು, ಅರಿಷಿಣ, ಗೋವಿನಜೋಳ ನಡೆಯುತ್ತವೆ. ಅಲ್ಲಿ ವಸಂತದ ಗುರುತು ಅರಿಷಿಣ ಕುದಿಸುವ ವಾಸನೆ, ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು, ರವದಿ ಸುಟ್ಟ ಹೊಗೆ. ಗೋಕಾಕದಲ್ಲಿ ಮಾತ್ರ ಕಲ್ಲೇ ಋತುವನ್ನು ಹೇಳುತ್ತದೆ. ಮಳೆಗಾಲದಲ್ಲಿ ಸುಮಾರು 52 ಮೀಟರ್ ಎತ್ತರದಿಂದ ಧುಮುಕುವ ಘಟಪ್ರಭೆ ಈ ಹೊತ್ತಿಗೆ ಸೊರಗಿ ಜಲಪಾತದ ಬಂಡೆಯ ಮೈ ಪೂರ್ತಿಯಾಗಿ ಕಾಣಿಸುತ್ತದೆ. ಹಗಲೆಲ್ಲ ಕಾಯ್ದ ಗುಡ್ಡಗಳು ರಾತ್ರಿಯವರೆಗೆ ಝಳ ಬಿಡುತ್ತವೆ. ಇತ್ತ ಧೂಪದಾಳದ ಹಿನ್ನೀರಿಗೆ, 1974ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಪ್ರದೇಶಕ್ಕೆ, ಚಳಿಗಾಲಕ್ಕೆಂದು ದೂರ ದೇಶಗಳಿಂದ ಬಂದ ಕೊಕ್ಕರೆಗಳು ತಿರುಗಿ ಹೊರಡುವ ಸಿದ್ಧತೆಯಲ್ಲಿರುತ್ತವೆ.

ಇನ್ನು ಹವೆಯ ಮಾತು. ಶಿವರಾತ್ರಿಗೆ ಚಳಿ ಶಿವಶಿವಾ ಎನ್ನುತ್ತ ಹೋಗುತ್ತದೆ ಎಂಬ ಗಾದೆಯನ್ನು ನಂಬಿ ಹೊದಿಕೆ ಮಡಚಿಟ್ಟರೆ ಮರುವಾರವೇ ಅದನ್ನು ಹೊರತೆಗೆಯಬೇಕಾಗುತ್ತದೆ. ಬೆಳಗ್ಗೆ ಶಾಲು, ಮಧ್ಯಾಹ್ನ ಬೀಸಣಿಗೆ, ಸಂಜೆಗೆ ಮೋಡ: ಇದು ನಮ್ಮ ಫೆಬ್ರುವರಿ-ಮಾರ್ಚ್ ತಿಂಗಳುಗಳ ಸ್ವಭಾವ. ಒಮ್ಮೊಮ್ಮೆ ಈ ಚಂಚಲತೆ ವಿಪರೀತಕ್ಕೆ ಹೋಗುತ್ತದೆ. 2014ರ ಫೆಬ್ರುವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗೆ ಮಹಾರಾಷ್ಟ್ರದಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಸುರಿದ ಆಲಿಕಲ್ಲು ಮಳೆ ದ್ರಾಕ್ಷಿ, ಜೋಳ, ಗೋದಿಗಳನ್ನು ಮಣ್ಣುಪಾಲು ಮಾಡಿದ್ದನ್ನು ಯಾವ ರೈತನೂ ಮರೆತಿಲ್ಲ. ಅದಕ್ಕೆ ವಿರುದ್ಧವಾಗಿ 2023ರ ಫೆಬ್ರುವರಿಯಲ್ಲಿ ದೇಶದ ಸರಾಸರಿ ಗರಿಷ್ಠ ಉಷ್ಣತೆ 1901ರಿಂದೀಚಿನ ಎಲ್ಲ ಫೆಬ್ರುವರಿಗಳಿಗಿಂತ ಹೆಚ್ಚಾಗಿತ್ತೆಂದು ಹವಾಮಾನ ಇಲಾಖೆ ತಿಳಿಸಿತು. ಒಂದು ವರ್ಷ ವಸಂತಕ್ಕೆ ಮೊದಲೇ ಬೇಸಿಗೆ, ಇನ್ನೊಂದು ವರ್ಷ ವಸಂತದಲ್ಲಿಯೇ ಅವಕಾಳಿ ಮಳೆ. ಇಂಥ ಹವೆಯಲ್ಲಿ ಬದುಕುವವರಿಗೆ ಹಿತ್ತಲಿನ ಮಣ್ಣು ಇನ್ನೂ ಹೆಚ್ಚು ಅವಶ್ಯಕವೆಂಬುದು ನನ್ನ ವಾದ.

ಈ ವಾದ ಸದ್ಯಕ್ಕೆ ನಮ್ಮ ಮನೆಯಲ್ಲಿಯೇ ನಡೆದಿದೆ. ಪುಣೆಯಲ್ಲಿರುವ ಮಗ ಹಿತ್ತಲಿಗೆ ಪೇವರ್ ಕಲ್ಲು ಹಾಸಲು ಅಂದಾಜುಪಟ್ಟಿ ತರಿಸಿದ್ದಾನೆ. ಗೌಂಡಿ ಬಂದು ಟೇಪು ಹಿಡಿದು ಅಳೆದೂ ಹೋಗಿದ್ದಾನೆ. ಕೆಳಗೆ ಕಾಂಕ್ರೀಟು, ಮೇಲೆ ಕಲ್ಲು, ಯುಗಾದಿಯೊಳಗೆ ಕೆಲಸ ಮುಗಿಯಬೇಕೆಂದು ಮಗನ ಆಸೆ. ಕಾರಣ ಕ್ಷುಲ್ಲಕವಾದುದಲ್ಲ. ಹೋದ ಮಳೆಗಾಲದಲ್ಲಿ ನಮ್ಮವರು ಹಿತ್ತಲಿನ ರಾಡಿಯಲ್ಲಿ ಜಾರಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಎರಡು ತಿಂಗಳು ಕೋಲು ಹಿಡಿದು ನಡೆದರು. "ಅವ್ವಾ, ನಿನಗ ಗಿಡ ದೊಡ್ಡೂವೋ ಅಪ್ಪನ ಕಾಲು ದೊಡ್ಡೂವೋ?" ಎಂದು ಮಗ ಫೋನಿನಲ್ಲಿ ಕೇಳಿದ. ದೂರದಲ್ಲಿದ್ದು ತಂದೆತಾಯಿಯ ಚಿಂತೆ ಮಾಡುವ ಮಗನಿಗೆ ಸಿಟ್ಟಿನಿಂದ ಉತ್ತರ ಹೇಳುವುದು ಸರಿಯಲ್ಲ. ಆದ್ದರಿಂದ ಮಾತಿಗೆ ಬದಲಾಗಿ ಲೆಕ್ಕ ಹೇಳುತ್ತೇನೆಂದೆ. ಗಣಿತ-ವಿಜ್ಞಾನ ಕಲಿಸಿದವಳಿಗೆ ಅದೇ ಅಸ್ತ್ರ.

ನಮ್ಮ ಹಿತ್ತಲು 30 ಅಡಿ ಉದ್ದ, 20 ಅಡಿ ಅಗಲ. ಅಂದರೆ 600 ಚದರ ಅಡಿ, ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಸಂಜೆಯ ಅವಕಾಳಿ ಮಳೆ 25 ಮಿಲಿಮೀಟರ್ ಬಿದ್ದಿತೆಂದಿಟ್ಟುಕೊಳ್ಳಿರಿ. 56ನ್ನು 25ರಿಂದ ಗುಣಿಸಿದರೆ 1,400 ಲೀಟರ್. 15 ಲೀಟರಿನ ಬಕೀಟುಗಳಲ್ಲಿ ತುಂಬಿದರೆ 93 ಬಕೀಟು. ಮಣ್ಣಿದ್ದರೆ ಇದರಲ್ಲಿ ಬಹುಪಾಲು ಅಲ್ಲಿಯೇ ಇಂಗಲು ಅವಕಾಶವಿದೆ, ಮೇಲೆ ಎಲೆಯ ಹೊದಿಕೆ ಇದ್ದರಂತೂ ಇನ್ನೂ ಹೆಚ್ಚು. ಕಾಂಕ್ರೀಟಿದ್ದರೆ ಆ 93 ಬಕೀಟು ನೀರು ಅರ್ಧ ಗಂಟೆಯಲ್ಲಿ ರಸ್ತೆಗೆ ಹರಿಯುತ್ತದೆ. ನಮ್ಮ ಓಣಿಯಲ್ಲಿ ಇಪ್ಪತ್ತು ಮನೆಗಳು ಹೀಗೆ ಮಾಡಿದರೆ 28,000 ಲೀಟರ್. ಆಮೇಲೆ ಗಟಾರ ತುಂಬಿತೆಂದು ನಾವೇ ನಗರಸಭೆಗೆ ಅರ್ಜಿ ಬರೆಯುತ್ತೇವೆ, ಮೇ ತಿಂಗಳಲ್ಲಿ ಬೋರ್‌ವೆಲ್ ಬತ್ತಿತೆಂದು ಟ್ಯಾಂಕರಿಗೆ ಫೋನು ಮಾಡುತ್ತೇವೆ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಲೋಳಸೂರ ಸೇತುವೆ ಮುಳುಗಿ ಗೋಕಾಕದೊಳಗೆ ನೀರು ನುಗ್ಗಿದುದನ್ನು ನೀವೆಲ್ಲ ಕಂಡಿರಿ, ಇಲ್ಲವೆ ಟಿವಿಯಲ್ಲಿ ನೋಡಿ ಗಾಬರಿಯಾಗಿ ಫೋನು ಮಾಡಿದಿರಿ. ಅಂಥ ಮಹಾಪೂರವನ್ನು ಹಿತ್ತಲಿನ ಕರಿಬೇವಿನ ಗಿಡ ತಡೆಯುತ್ತದೆಂದು ನಾನು ಹೇಳುವುದಿಲ್ಲ. ಘಟ್ಟದ ಮಳೆಗೂ ಜಲಾಶಯದ ಬಾಗಿಲುಗಳಿಗೂ ಸಂಬಂಧಿಸಿದ ವಿಷಯವದು. ಆದರೆ ಒಂದು ತಾಸಿನ ಮಳೆಗೆ ಓಣಿ ಕೆರೆಯಾಗುವುದಕ್ಕೆ ನದಿಯನ್ನು ದೂರುವಂತಿಲ್ಲ. ಅದು ನಾವು ನಾವೇ ಹಂಚಿಕೊಂಡು ಮಾಡಿದ ಕೆಲಸ.

ಮಳೆಯ ಮಾತಾಯಿತು, ಈಗ ಬಿಸಿಲಿನದು. ಕಾಂಕ್ರೀಟು ಹಗಲಿನ ಶಾಖವನ್ನು ಹೀರಿಕೊಂಡು ಸಂಜೆ ಹಿಂತಿರುಗಿಸುತ್ತದೆ. ಗೋಕಾಕದ ಗುಡ್ಡಗಳು ಮೊದಲೇ ಆ ಕೆಲಸವನ್ನು ಧಾರಾಳವಾಗಿ ಮಾಡುತ್ತಿರುವಾಗ ನಮ್ಮ ಖರ್ಚಿನಲ್ಲಿ ಇನ್ನೊಂದು ಗುಡ್ಡವನ್ನು ಅಡುಗೆಮನೆಯ ಹಿಂದೆ ಹಾಸಿಕೊಳ್ಳುವುದೇಕೆ? ಗಿಡದ ಎಲೆ ನೀರನ್ನು ಆವಿಯಾಗಿ ಬಿಡುವಾಗ ಸುತ್ತಲಿನ ಗಾಳಿಯ ಶಾಖವನ್ನು ಬಳಸಿಕೊಳ್ಳುತ್ತದೆ. ಎಂಟನೆಯ ತರಗತಿಯಲ್ಲಿ ಪಾಲಿಥೀನ್ ಚೀಲವನ್ನು ಟೊಂಗೆಗೆ ಕಟ್ಟಿ ಬಾಷ್ಪವಿಸರ್ಜನೆಯ ಪ್ರಯೋಗ ಮಾಡಿದ್ದು ನಿಮಗೆ ನೆನಪಿರಬೇಕು. ಚೀಲದೊಳಗೆ ಹನಿಗಟ್ಟಿದ ಆ ನೀರೇ ನಮ್ಮ ಹಿತ್ತಲನ್ನು ತಂಪಾಗಿಡುತ್ತದೆ.

ಈ ವಿಷಯವನ್ನು ನನಗಿಂತ ಚೆನ್ನಾಗಿ ಬಲ್ಲವನು ನಮ್ಮ ಮೋತಿ. ಒಂಬತ್ತು ವರ್ಷದ ಹಿಂದೆ ಓಣಿಯಿಂದ ತಾನಾಗಿಯೇ ಒಳಗೆ ಬಂದ ನಾಯಿ ಅವನು, ಕುಲಗೋತ್ರ ಗೊತ್ತಿಲ್ಲ. ಮಾಘದವರೆಗೆ ಬಿಸಿಲು ಹುಡುಕಿ ಮೆಟ್ಟಿಲ ಮೇಲೆ ಮಲಗುವವನು ಈಗ ಬೆಳಗಿನ ಹತ್ತು ಗಂಟೆಗೇ ಪೇರಲ ಗಿಡದ ಬುಡಕ್ಕೆ ಹೋಗಿ, ಮೇಲಿನ ಒಣಮಣ್ಣು ಕೆರೆದು, ಒಳಗಿನ ತಂಪಿಗೆ ಹೊಟ್ಟೆ ಹಚ್ಚಿ ಮಲಗುತ್ತಾನೆ. ಅವನು ಕುಣಿ ತೋಡಲಾರಂಭಿಸಿದ ದಿನವೇ ನಮ್ಮ ಮನೆಗೆ ಬೇಸಿಗೆ ಬಂದಂತೆ. ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುತ್ತ ನಾಲಗೆಯಿಂದ ಶಾಖ ಕಳೆಯಬೇಕು; ಬೆವರುವುದು ಅಂಗಾಲಿನಲ್ಲಿ ಅಲ್ಪಸ್ವಲ್ಪ ಮಾತ್ರ. ಆ ಅಂಗಾಲನ್ನೇ ಕಾಯ್ದ ಕಲ್ಲಿನ ಮೇಲೆ ಇಡಬೇಕಾದರೆ ಗತಿಯೇನು? ನೀವು ನಿಮ್ಮ ಅಂಗೈಯನ್ನು ಮಧ್ಯಾಹ್ನದ ಫರಸಿಯ ಮೇಲೆ ಐದಾರು ಸೆಕೆಂಡು ಇಟ್ಟು ನೋಡಿರಿ. ನಿಮಗೆ ತಾಳದಿದ್ದರೆ ನಾಯಿಗೂ ತಾಳದು.

ಹೊಸ ಮನೆ ಕಟ್ಟಿಸಿದ ಕೆಲವು ವಿದ್ಯಾರ್ಥಿಗಳು, "ಅಕ್ಕೋರ, ಕಾವಲಿಗೆ ಒಂದು ಮುಧೋಳ ನಾಯಿ ತರ್ಬೇಕಂತೀವ್ರಿ, ಹೆಂಗ?" ಎಂದು ಕೇಳುವುದುಂಟು. ಮೂಡಲಗಿಯಿಂದ ಮೂಡಣಕ್ಕೆ ಸ್ವಲ್ಪ ದೂರ ಹೋದರೆ ಮುಧೋಳ. ಆದ್ದರಿಂದ ಈ ತಳಿಯ ಮೇಲೆ ನಮಗೆ ಅಭಿಮಾನವಿರುವುದು ಸಹಜ. ಮುಧೋಳದ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ ತಳಿಯದು. 2005ರಲ್ಲಿ ಅಂಚೆ ಇಲಾಖೆ ಹೊರತಂದ ನಾಲ್ಕು ದೇಶೀ ನಾಯಿಗಳ ಅಂಚೆಚೀಟಿಗಳಲ್ಲಿ ಇದಕ್ಕೂ ಸ್ಥಾನ ದೊರೆಯಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ. ಆದರೆ ಅದರ ಉದ್ದ ಕಾಲು, ಆಳವಾದ ಎದೆ, ಸಣ್ಣ ನಡು ನೋಡಿದರೇ ಗೊತ್ತಾಗುತ್ತದೆ, ಅದು ಬಯಲಿನಲ್ಲಿ ಮೊಲದ ಬೆನ್ನಟ್ಟಿ ಓಡಲು ಹುಟ್ಟಿದ ಪ್ರಾಣಿ. ಕಣ್ಣಿನಿಂದ ಬೇಟೆ ಹಿಡಿಯುವ ನಾಯಿಯನ್ನು ನಾಲ್ಕು ಗೋಡೆಯ ನಡುವೆ, ಕಾಯ್ದ ಕಲ್ಲಿನ ಮೇಲೆ, ಸರಪಳಿ ಬಿಗಿದು ಕಟ್ಟುವುದಕ್ಕಿಂತ ತಾರದಿರುವುದೇ ಒಳ್ಳೆಯದು. ಅಷ್ಟು ಜಾಗವಿಲ್ಲದವರು ಓಣಿಯಲ್ಲಿಯೇ ಹುಟ್ಟಿದ ಒಂದು ಮರಿಯನ್ನು ಸಾಕಿರಿ. ಅದಕ್ಕೆ ನಮ್ಮ ಬಿಸಿಲು, ನಮ್ಮ ರೊಟ್ಟಿ ಎರಡೂ ಒಗ್ಗುತ್ತವೆ.

ಸಾಕುವುದೆಂದರೆ ಕೇವಲ ರೊಟ್ಟಿ ಎಸೆಯುವುದಲ್ಲವೆಂಬುದನ್ನೂ ಹೇಳಬೇಕು. ಪ್ರತಿವರ್ಷ ರೇಬೀಸ್ ಲಸಿಕೆ, ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸಲೇಬೇಕು. ಯಾರಿಗಾದರೂ ನಾಯಿ ಕಚ್ಚಿದರೆ ಅರಿಷಿಣ, ಸುಣ್ಣ ಹಚ್ಚುತ್ತ ಕೂಡದೆ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ದವಾಖಾನೆಗೆ ಹೋಗಿ ಲಸಿಕೆ ಆರಂಭಿಸಬೇಕು. ಬೀದಿನಾಯಿಗಳಿಗೆ ಕಂಡಕಂಡಲ್ಲಿ ಆಹಾರ ಹಾಕದೆ ಗೊತ್ತುಪಡಿಸಿದ ಜಾಗದಲ್ಲಿಯೇ ಹಾಕಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಶಾಲೆಗೆ ಹೋಗುವ ಮಕ್ಕಳ ದಾರಿಯಲ್ಲಿ ನಾಯಿಗಳ ಗುಂಪು ಕೂಡುವುದು ತಪ್ಪಬೇಕೆಂಬುದರಲ್ಲಿ ನನಗೂ ಅನುಮಾನವಿಲ್ಲ. ನಮ್ಮ ಕಂಪೌಂಡಿನೊಳಗೆ ಒಂದು ನಾಯಿಗೆ ನೆರಳು, ನೀರು, ಮಣ್ಣು ಕೊಟ್ಟು ಅದರ ಹೊಣೆ ಹೊತ್ತರೆ ಬೀದಿಯಲ್ಲಿ ಒಂದು ನಾಯಿ ಕಡಿಮೆಯಾಗುತ್ತದೆ. ಅದಕ್ಕೂ ಹಿತ್ತಲೇ ಬೇಕು.

ಇನ್ನು ಕೈತೋಟದ ಯೋಜನೆ. ಬಿಸಿಲು ಏರುವ ಮೊದಲಿನ ಈ ದಿನಗಳು ಬೆಂಡೆ, ಹೀರೆ, ಸವತೆ, ಹಾಗಲ, ಚವಳಿ ಬಿತ್ತಲು ಯೋಗ್ಯ. ರಾಜಗಿರಿ ಮತ್ತು ಪುಂಡಿಪಲ್ಯ ಸೆಕೆಯಲ್ಲಿಯೂ ಬರುತ್ತವೆ. ಮೆಂತೆ, ಕೊತ್ತಂಬರಿಗಳು ಬಿಸಿಲೇರಿದಂತೆ ಬೇಗ ಹೂವಿಗೆ ಬರುವುದರಿಂದ ಅವುಗಳನ್ನು ಗಿಡದ ನೆರಳಿನಲ್ಲಿ ಹಾಕಬೇಕು. ಹವೆ ಚಂಚಲವಾಗಿರುವುದರಿಂದ ನಾನು ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತುವುದಿಲ್ಲ. ಮಡಿಯನ್ನು ಮೂರು ಪಾಲು ಮಾಡಿ, ಶಿವರಾತ್ರಿಯ ಹೊತ್ತಿಗೆ ಒಂದು, ಹೋಳಿ ಹುಣ್ಣಿಮೆಗೆ ಒಂದು, ಯುಗಾದಿಗೆ ಒಂದು ಎಂದು ಹದಿನೈದು ದಿನಗಳ ಅಂತರದಲ್ಲಿ ಬಿತ್ತುತ್ತೇನೆ. ಆಲಿಕಲ್ಲು ಒಂದನ್ನು ಹೊಡೆದರೂ ಇನ್ನೆರಡು ಉಳಿಯುತ್ತವೆ. ಮೂರೂ ಉಳಿದರೆ ನೆರೆಮನೆಯವರಿಗೂ ಪಲ್ಯವಾಗುತ್ತದೆ. ಬುಡಕ್ಕೆ ಕಬ್ಬಿನ ರವದಿಯನ್ನು ನಾಲ್ಕು ಬೆರಳು ದಪ್ಪ ಹೊದಿಸಿದರೆ ನೀರು ಬೇಗ ಆರುವುದಿಲ್ಲ. ಮೂಡಲಗಿ ಕಡೆಯ ಹಳೆಯ ವಿದ್ಯಾರ್ಥಿಗಳೇ, ನೀವು ಹೊಲದಲ್ಲಿ ಸುಡುವ ರವದಿಯಲ್ಲಿ ಎರಡು ಹೊರೆಯನ್ನು ಅಕ್ಕೋರ ಮನೆಗೆ ಕಳಿಸಿದರೆ ಬೇಡವೆನ್ನುವುದಿಲ್ಲ. ಸಸಿ, ಕಸಿಗಿಡಗಳ ಬಗ್ಗೆ ತಿಳಿಯಬೇಕಾದವರು ಅರಭಾವಿಯ ತೋಟಗಾರಿಕೆ ಕಾಲೇಜಿನಲ್ಲಿ ವಿಚಾರಿಸಬಹುದು. ಇಷ್ಟು ಹತ್ತಿರವಿರುವ ವಿದ್ಯಾಸಂಸ್ಥೆಯನ್ನು ನಾವು ಉಪಯೋಗಿಸಿಕೊಳ್ಳುವುದು ಕಡಿಮೆ.

ಮಾವಿನ ಹೂವಿನ ಮೇಲೆ ಈ ವರ್ಷವೂ ಆಶೆ ಇಟ್ಟಿದ್ದೇನೆ. ಮೋಡ ಕವಿದು ಇಬ್ಬನಿ ಬಿದ್ದರೆ ಬೂದಿರೋಗ, ಗಾಳಿ ಬಿಟ್ಟರೆ ಈಚು ಉದುರುವಿಕೆ. ಹತ್ತು ಹೂಗೊಂಚಲಲ್ಲಿ ಎಷ್ಟು ನಿಲ್ಲುವುದೋ ಮರಕ್ಕೇ ಗೊತ್ತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳಿಗೆ ಇದು ಹೊಸದೇನಲ್ಲ. ಜೂನ್ ತಿಂಗಳಲ್ಲಿ ಕುಳಿತ ತರಗತಿಯನ್ನು ನೋಡಿ ಯಾರು ಏನಾಗುವರೆಂದು ಹೇಳಲು ನನಗೆ ಎಂದೂ ಸಾಧ್ಯವಾಗಲಿಲ್ಲ; ಎಲ್ಲರಿಗೂ ನೀರೆರೆಯುವುದು ಮಾತ್ರ ತಪ್ಪಲಿಲ್ಲ.

ಈಗ ಆಕ್ಷೇಪಣೆಗಳಿಗೆ ಉತ್ತರ. ಹಾವು ಬರುತ್ತವೆ ಎನ್ನುವರು. ಹಾವು ಇಲಿಯನ್ನು ಹುಡುಕಿ ಬರುತ್ತದೆ. ಇಲಿ ಕಲ್ಲು, ಕಟ್ಟಿಗೆ, ರದ್ದಿಯ ರಾಶಿಯನ್ನು ಹುಡುಕಿ ಬರುತ್ತದೆ. ರಾಶಿಯನ್ನು ತೆಗೆಯಬೇಕು, ಮಣ್ಣನ್ನು ಮುಚ್ಚಿದರೆ ಇಲಿಗಳು ಹೋಗುವುದಿಲ್ಲ. ಸೊಳ್ಳೆ ಎನ್ನುವರು. ಡೆಂಗೀ ಹರಡುವ ಸೊಳ್ಳೆ ಬೆಳೆಯುವುದು ಟಾಕಿ, ಕೂಲರು, ಒಡೆದ ಕುಂಡಗಳಲ್ಲಿ ನಿಂತ ನೀರಿನಲ್ಲಿ. ನಾಯಿಗೂ ಗುಬ್ಬಿಗಳಿಗೂ ಇಡುವ ಮಣ್ಣಿನ ಪಾತ್ರೆಯನ್ನು ದಿನಾಲು ತಿಕ್ಕಿ ಹೊಸ ನೀರು ತುಂಬಿದರೆ ಆ ಭಯವಿಲ್ಲ. ನೋಡಿಕೊಳ್ಳುವವರು ಯಾರು ಎನ್ನುವರು. ಇದು ನಿಜವಾದ ಪ್ರಶ್ನೆ. ನನಗೂ ವಯಸ್ಸಾಯಿತು, ಬಗ್ಗಿ ಕಳೆ ಕೀಳಲು ಮೊದಲಿನಂತೆ ಆಗುವುದಿಲ್ಲ. ಅದಕ್ಕಾಗಿ ಮಡಿಗಳನ್ನು ಎರಡು ಕಡಿಮೆ ಮಾಡಿ ಆ ಜಾಗದಲ್ಲಿ ನಿಂಬೆ, ನುಗ್ಗೆ ಹಚ್ಚಿದ್ದೇನೆ. ಒಮ್ಮೆ ಬೇರೂರಿದ ಮೇಲೆ ಅವು ಹೆಚ್ಚು ಸೇವೆ ಬೇಡುವುದಿಲ್ಲ.

ಉಳಿದದ್ದು ಬೀಳುವ ಭಯ. ಇದಕ್ಕೆ ನಾನು ಮಗನ ಮುಂದೆ ಒಂದು ನಕಾಶೆ ಇಟ್ಟಿದ್ದೇನೆ. ಹಿತ್ತಿಲ ಬಾಗಿಲಿನಿಂದ ಬಚ್ಚಲ, ಬಟ್ಟೆ ಒಣಹಾಕುವ ತಂತಿ, ಹಿಂಬಾಗಿಲುಗಳವರೆಗೆ ನಾಲ್ಕು ಅಡಿ ಅಗಲದ ದಾರಿ, ಅದಕ್ಕೆ ಜಾರದ, ಒರಟು ಮೈಯ ಕಲ್ಲು, ಒಂದು ಬದಿಗೆ ಹಿಡಿದು ನಡೆಯಲು ಕಬ್ಬಿಣದ ಕೊಳವೆ, ಒಂದು ದೀಪ. ಇದಕ್ಕೆಲ್ಲ 600 ಚದರ ಅಡಿಯಲ್ಲಿ 150 ಸಾಕು. ಉಳಿದ 450 ಮಣ್ಣಾಗಿಯೇ ಇರಲಿ. ನಮ್ಮವರು ನಕಾಶೆಯನ್ನು ಎರಡು ಸಲ ನೋಡಿ, "ಕೊಳವಿ ಎಡಕ್ಕ ಬ್ಯಾಡ, ಬಲಕ್ಕ ಇರ್ಲಿ. ಬಲಗೈಲೆ ಹಿಡಿಯೂದು ಸಲೀಸು" ಎಂದರು. ಬೀಳುವ ಭಯ ಯಾರಿಗಿತ್ತೋ ಅವರೇ ಒಪ್ಪಿದ ಮೇಲೆ ಮಗ ಆ ಪಟ್ಟಿಯನ್ನು ಬದಲಿಸಲು ಗೌಂಡಿಗೆ ಹೇಳುತ್ತಾನೆಂದು ನಂಬಿದ್ದೇನೆ. ಖರ್ಚೂ ಕಡಿಮೆಯಾಗುವುದೆಂಬುದನ್ನು ಅವನು ಇಷ್ಟರಲ್ಲಿಯೇ ಗಮನಿಸಿರಬೇಕು.

ನಿಮ್ಮಲ್ಲಿ ಅನೇಕರು ಬೆಂಗಳೂರು, ಪುಣೆ, ಪರದೇಶಗಳಲ್ಲಿದ್ದೀರಿ. ಊರಿನಲ್ಲಿ ಮುಪ್ಪಿನ ತಂದೆತಾಯಿಗಳಿದ್ದಾರೆ. ಅವರ ಅನುಕೂಲಕ್ಕೆಂದು ದುಡ್ಡು ಕಳಿಸುವಾಗ ಇಡೀ ಹಿತ್ತಲನ್ನು ಮುಚ್ಚಿಸುವುದಕ್ಕೆ ಮೊದಲು ಅವರನ್ನು ಒಂದು ಮಾತು ಕೇಳಿರಿ. ಬೆಳಗ್ಗೆ ಎದ್ದು ಅವರು ಮಾತಾಡಿಸುವುದು ನಿಮ್ಮ ಫೋನಿಗಿಂತ ಮೊದಲು ಆ ತುಳಸಿಯನ್ನು, ಆ ಬದನೆಯ ಸಸಿಯನ್ನು, ಬಾಲ ಅಲ್ಲಾಡಿಸುತ್ತ ಬರುವ ಆ ನಾಯಿಯನ್ನು. ನಡೆಯುವ ದಾರಿಗೆ ಕಲ್ಲು ಹಾಸಿರಿ, ಉಳಿದುದನ್ನು ಮಣ್ಣಿಗೇ ಬಿಡಿರಿ. ಹೊಸ ಮನೆಯ ನಕ್ಷೆ ಬರೆಸುತ್ತಿರುವವರು ಕಾರಿಗೆ ಜಾಗ ಗುರುತು ಮಾಡುವಾಗಲೇ ಒಂದು ಗಿಡಕ್ಕೂ ಗುರುತು ಮಾಡಿರಿ. ಈ ವಾರ ಬೆಂಡೆಯ ಬೀಜ ಬಿತ್ತಿದವರು ಎಷ್ಟು ಮೊಳೆತವೆಂದು ನನಗೆ ತಿಳಿಸಿರಿ. ಹತ್ತರಲ್ಲಿ ಏಳು ಬಂದರೆ ನನ್ನ ಲೆಕ್ಕದಲ್ಲಿ ಪ್ರಥಮ ದರ್ಜೆ.

ಎಲ್ಲರಿಗೂ ಶುಭವಾಗಲಿ.